ಕಾಸ್ಮಿಯ ಎಲೆ

ಆರ್ಚ್‌ಬಿಷಪ್ ಕಾಸ್ಮೀರ್ ಕರ್ವಾಲೊ ಊರಿಗೆ ಬಂದಿಳಿದ ಮಧ್ಯಾಹ್ನವೇ ಅವರ ಅಣ್ಣನ ಮಗ ವಿಲ್ಸನ್ ಹೊಸ ಕೋಣೆಯನ್ನು ತೋರಿಸಿದ. ಹೆಮ್ಮಾಡಿಯಿಂದ ಒಳಗೆ, ಹೊಳೆಯ ದಂಡೆಗೆ ತಾಗಿದಂತಿದ್ದ ಮನೆಯ ಪಡುಬದಿಗೆ ಅದನ್ನು ಕಟ್ಟಿಸಿದ್ದ. ಮಂಚ, ಮೇಜು, ಗೋಡೆಗೊಂದು ಶಿಲುಬೆ, ಬಚ್ಚಲಲ್ಲಿ ಜಾರದ ಹಾಗೆ ಹಿಡಿದುಕೊಳ್ಳಲು ಸ್ಟೀಲಿನ ಸರಳು. ಕಿಟಕಿ ತೆರೆದರೆ ಹೊಳೆ, ಆಚೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲದ ಪೊದೆ. ಏನೂ ಬಾಕಿ ಇಟ್ಟಿರಲಿಲ್ಲ. ಇನ್ನು ಎಲ್ಲಿಗೂ ಹೋಗುವುದು ಬೇಡ, ಇಲ್ಲೇ ಇರಿ ಎಂದು ವಿಲ್ಸನ್ ಹೇಳಿದಾಗ ಅವರು ಅವನ ಭುಜ ಒತ್ತಿದರು. ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅಷ್ಟು ವರ್ಷದ ಕಸುಬು ಅದು.

ಎಪ್ಪತ್ತೈದು ತುಂಬಿದ್ದರಿಂದ ಅವರು ಪೋಪರ ರಾಯಭಾರಿಯ ಹುದ್ದೆಯಿಂದ ಬಿಡುಗಡೆ ಪಡೆದಿದ್ದರು. ಉಳಿದ ದಿನಗಳನ್ನು ಎಲ್ಲಿ ಕಳೆಯುತ್ತೀರಿ ಎಂದು ರೋಮಿನ ಕಚೇರಿ ಕೇಳುತ್ತಿತ್ತು. ರೋಮಿನಲ್ಲಿಯೇ ನಿವೃತ್ತರಿಗೊಂದು ಮನೆಯಿತ್ತು. ಬ್ರಹ್ಮಾವರದ ಹತ್ತಿರ ಅವರ ಕಪುಚಿನ್ ಸನ್ಯಾಸಿಗಳ ಸಣ್ಣ ಆಶ್ರಮವಿತ್ತು. ಇಲ್ಲವೇ ಈ ಮನೆ. ಬಿಷಪನಾದ ಸನ್ಯಾಸಿಗೆ ನಿವೃತ್ತಿಯ ನಂತರ ಎಲ್ಲಿ ಬೇಕಾದರೂ ಇರುವ ಸ್ವಾತಂತ್ರ್ಯವುಂಟು. ವಿಮಾನದಲ್ಲಿ ಕುಳಿತಾಗಲೇ ಅವರ ಮನಸ್ಸು ಈ ಮನೆಯ ಕಡೆಗೆ ವಾಲಿತ್ತು. ವಾಲಿತ್ತು ಎನ್ನುವುದು ಕಡಿಮೆಯಾಯಿತು. ಬೇರೆ ಬೇರೆ ದೇಶಗಳ ದೊಡ್ಡ ದೊಡ್ಡ ಮನೆಗಳಲ್ಲಿ ಅವರು ಇದೊಂದನ್ನೇ ನೆನೆದು ಮಲಗಿದ್ದರು. ಆದರೆ ತಾನು ಬಿಟ್ಟುಹೋದ ಜಾಗ ಇನ್ನೂ ಅಲ್ಲಿದೆಯೇ ಎಂಬುದು ಖಚಿತವಾಗಬೇಕಿತ್ತು. ಅದಕ್ಕೇ ತೆನೆ ಹಬ್ಬಕ್ಕೆ ಸರಿಯಾಗಿ ಬಂದಿದ್ದರು. ನಡುವೆ ಕೆಲವು ಸಲ ಊರಿಗೆ ಬಂದದ್ದುಂಟು, ಬೇಸಿಗೆಯಲ್ಲೋ ಕ್ರಿಸ್ಮಸ್ಸಿನ ನಂತರವೋ, ಮುಂದೊಂದು ಪೊಲೀಸ್ ಜೀಪು, ಹಿಂದೆ ಹಾರ ಹಿಡಿದವರು. ಸೆಪ್ಟೆಂಬರಿನ ಈ ಹಬ್ಬಕ್ಕೆ ಮಾತ್ರ ಬರಲಾಗಿರಲಿಲ್ಲ.

ಹದಿನೆಂಟಕ್ಕೆ ಅವರು ಕಂದು ನಿಲುವಂಗಿ ತೊಟ್ಟಾಗ ಕಂಡ ಕನಸು ಬೇರೆಯೇ ಇತ್ತು. ಸೊಂಟಕ್ಕೆ ಮೂರು ಗಂಟಿನ ಬಿಳಿ ಹಗ್ಗ, ಕಾಲಿಗೊಂದು ಚಪ್ಪಲಿ, ಯಾವುದೋ ಮೀನುಗಾರರ ಕೇರಿ, ಅಲ್ಲಿನ ಸಾವು ಮದುವೆಗಳು. ಅಷ್ಟೇ ಬೇಕಿತ್ತು. ಮೇಲಿನವರು ಓದಲು ರೋಮಿಗೆ ಕಳಿಸಿದರು. ಅಲ್ಲಿ ಯಾರೋ ಅವರ ಫ್ರೆಂಚನ್ನು ಮೆಚ್ಚಿದರು, ಅದಕ್ಕಿಂತ ಹೆಚ್ಚಾಗಿ ಅವರು ಮಾತಾಡದೆ ಕೂರುವ ರೀತಿಯನ್ನು. ರಾಯಭಾರ ಕಚೇರಿಯ ಕಾರ್ಯದರ್ಶಿಯಾದರು, ಮುಂದೆ ಆರ್ಚ್‌ಬಿಷಪರಾಗಿ ರಾಯಭಾರಿಯೇ ಆದರು. ಯುದ್ಧ ಮಾಡುತ್ತಿದ್ದವರ ನಡುವೆ ಕುಳಿತು, ಇಬ್ಬರಲ್ಲಿ ಯಾರು ಮೊದಲು ನೀರಿನ ಲೋಟಕ್ಕೆ ಕೈ ಚಾಚುತ್ತಾರೆ ಎಂದು ನೋಡುವುದನ್ನು ಕಲಿತರು. ಮೌನದಲ್ಲಿ ಎಷ್ಟೊಂದು ಬಗೆಯುಂಟು ಎಂದು ಕಲಿತರು.

ರಾಯಭಾರಿ ಬಿಷಪನಿಗೆ ಆಳಲು ಊರಿರುವುದಿಲ್ಲ. ಆದರೆ ಬಿಷಪ್ ಎಂದ ಮೇಲೆ ಹೆಸರಿಗಾದರೂ ಒಂದು ಊರು ಬೇಕು. ಅದಕ್ಕೆ ಎಂದೋ ಅಳಿದುಹೋದ ಹಳೆಯ ಊರೊಂದನ್ನು ಅವನಿಗೆ ಕೊಡುತ್ತಾರೆ. ಅವರಿಗೆ ಸಿಕ್ಕಿದ್ದು ಆಫ್ರಿಕದ ಉತ್ತರ ಕರಾವಳಿಯಲ್ಲಿ ಮರಳಿನಡಿ ಹೂತುಹೋದ ಪಟ್ಟಣ. ಒಮ್ಮೆ ಅದರ ಹತ್ತಿರ ಕೆಲಸದ ಮೇಲೆ ಹೋದಾಗ ಕಾರು ನಿಲ್ಲಿಸಿ ಇಳಿದಿದ್ದರು. ಎರಡು ಮುರಿದ ಕಂಬ, ಒಂದಿಷ್ಟು ಮೇಕೆ. ತನ್ನ ಜನರನ್ನು ನೋಡಲು ಬಂದವರ ಹಾಗೆ ಸ್ವಲ್ಪ ಹೊತ್ತು ನಿಂತು, ಆಶೀರ್ವಾದಕ್ಕೆ ಎತ್ತಿದ ಕೈಯನ್ನು ಹಾಗೇ ಇಳಿಸಿ ಕಾರು ಹತ್ತಿದ್ದರು.

ಅಮ್ಮ ತೀರಿಕೊಂಡಾಗ ಅವರಿದ್ದ ದೇಶದಲ್ಲಿ ವಿಮಾನ ನಿಲ್ದಾಣ ಮುಚ್ಚಿತ್ತು. ಒತ್ತೆಯಿದ್ದವರ ಬಿಡುಗಡೆಯ ಮಾತುಕತೆ ನಡೆಯುತ್ತಿತ್ತು; ದಾರಿಯಿದ್ದರೂ ಎದ್ದು ಬರುವ ಹಾಗಿರಲಿಲ್ಲ. ಅಣ್ಣ ಫೋನಿನಲ್ಲಿ, ಸಮಾಧಾನದಿಂದ ಹೋದಳು ಎಂದ. ಅದೇ ಮಾತನ್ನು ಅವರು ಎಷ್ಟೋ ಮನೆಗಳಿಗೆ ಫೋನು ಮಾಡಿ ಹೇಳಿದ್ದರು. ಅದರ ಹಿಂದೆ ಏನೇನು ಅಡಗಿರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಅವಳು ನನ್ನನ್ನು ಕೇಳಿದಳೇ ಎಂದು ಅಣ್ಣನನ್ನು ಆಗ ಕೇಳಲಿಲ್ಲ. ಆಮೇಲೆ ಅಣ್ಣನೂ ಹೋದ. ಕೇಳೋಣವೆಂದರೆ ಮನೆಯಲ್ಲಿ ಈಗ ಉಳಿದದ್ದು ಅತ್ತಿಗೆ ಪಾವ್ಲಿನ್, ವಿಲ್ಸನ್, ಅವನ ಹೆಂಡತಿ ಶರ್ಮಿಳಾ, ಶಾಲೆಗೆ ಹೋಗುವ ಮಗಳು. ಪಾವ್ಲಿನ್ ಮಾತು ಅಮ್ಮನ ಕಡೆಗೆ ತಿರುಗಿದಾಗಲೆಲ್ಲ ಒಲೆಯ ಮೇಲಿನ ಪಾತ್ರೆ ನೋಡಲು ಏಳುತ್ತಿದ್ದಳು. ಆ ಏಳುವಿಕೆಯನ್ನು ಅವರು ಗಮನಿಸಿದ್ದರು.

ತೆನೆ ಹಬ್ಬದ ದಿನ ಊರಿನ ಚರ್ಚಾದ ಇಗರ್ಜಿಯಲ್ಲಿ ಹೊಸ ಭತ್ತದ ತೆನೆ ಮಂತ್ರಿಸಿ ಮನೆ ಮನೆಗೆ ಕೊಡುತ್ತಾರೆ. ಆ ಕಾಳನ್ನು ಸುಲಿದು, ಅರೆದು, ತೆಂಗಿನ ಹಾಲು ಬೆಲ್ಲದಲ್ಲಿ ಕಲಸಿ, ಊಟಕ್ಕೆ ಮೊದಲು ಮನೆಯವರೆಲ್ಲ ಹಂಚಿಕೊಳ್ಳಬೇಕು. ಒಂದು ತೆನೆಯಲ್ಲಿ ಎಷ್ಟು ಕಾಳು. ಒಬ್ಬೊಬ್ಬರಿಗೆ ಒಂದೊಂದು ಚಮಚ ಬಂದರೆ ಹೆಚ್ಚು. ಊರಲ್ಲಿಲ್ಲದವರಿಗೂ ಪಾಲುಂಟು. ದುಬೈಯಲ್ಲಿದ್ದ ಮಕ್ಕಳಿಗೆ ನಾಲ್ಕು ಕಾಳು ಅಂಚೆಯಲ್ಲಿ ಕಳಿಸುವವರೂ ಇದ್ದರು. ಅಮ್ಮ ಹಾಗೆ ಮಾಡಲಿಲ್ಲ. ಮಗ ಮಠ ಸೇರಿದ ವರ್ಷದಿಂದ ಅವನ ಹೆಸರಿನಲ್ಲಿ ಒಂದು ಬಾಳೆಲೆ ಹಾಕಿದಳು. ದೂರ ಇರುವವನ ಎಲೆ ಮೊದಲು ಎಂದು ಎಲ್ಲರಿಗಿಂತ ಮುಂಚೆ ಅದಕ್ಕೇ ಬಡಿಸುತ್ತಿದ್ದಳು. ಈ ಸಲವೂ ನಿನ್ನ ಎಲೆ ಹಾಕಿದ್ದೆ ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಆ ಎಲೆಯನ್ನು ಆಮೇಲೆ ಯಾರು ಉಣ್ಣುತ್ತಾರೆ ಎಂದು ಕೇಳಬೇಕೆಂದು ಅವರಿಗೆ ಎಂದೂ ಹೊಳೆದಿರಲಿಲ್ಲ. ಎಷ್ಟೋ ಔತಣಗಳಲ್ಲಿ ಬೆಳ್ಳಿಯ ಚಮಚ ಹಿಡಿದು ಕುಳಿತಾಗ, ತನಗೊಂದು ಎಲೆ ಊರಲ್ಲಿ ಹಾಸಿದೆ ಎಂಬುದಷ್ಟೇ ಅವರಿಗೆ ಸಾಕಾಗಿತ್ತು.

ಹಬ್ಬದ ಬೆಳಿಗ್ಗೆ ಅವರು ರೇಷ್ಮೆಯ ನಡುಪಟ್ಟಿ ಬಿಟ್ಟು ಹಳೆಯ ಕಂದು ನಿಲುವಂಗಿ ತೊಟ್ಟು ಇಗರ್ಜಿಗೆ ಹೋದರು. ಬಾಗಿಲಿಗೆ ಕಟ್ಟಿದ್ದ ಸ್ವಾಗತದ ಬ್ಯಾನರಿನಲ್ಲಿ ಅವರ ಬಿರುದುಗಳೆಲ್ಲ ಇದ್ದವು. ಮಕ್ಕಳು ಬುಟ್ಟಿಯಿಂದ ಗೊಂಡೆ, ದಾಸವಾಳ ತೆಗೆದು ಯೇಸುವಿನ ತಾಯಿ ಮರಿಯಮ್ಮನ ಪ್ರತಿಮೆಗೆ ಎರಚಿದರು. ಆಮೇಲೆ ಹೂ ತಂದವರಿಗೆ ಕೊಡುವ ಕಬ್ಬಿಗಾಗಿ ಸಾಲು ನಿಂತು ಒಬ್ಬರನ್ನೊಬ್ಬರು ನೂಕಿದರು. ಅವರೂ ಹಿಂದೆ ಆ ಸಾಲಿನಲ್ಲಿ ನೂಕಿದವರೇ. ಜೊತೆಗೆ ನೆರೆಮನೆಯ ಮೀನುಗಾರರ ಹುಡುಗ ಬಚ್ಚನೂ ಇರುತ್ತಿದ್ದ. ಮೊಗವೀರರ ಹುಡುಗ ನಿನಗ್ಯಾಕೆ ಕಬ್ಬು ಎಂದು ಯಾರೋ ಕೇಳಿದ್ದಕ್ಕೆ, ಹೂ ಕೊಯ್ದದ್ದು ನಮ್ಮ ಬೇಲಿಯಿಂದ ಎಂದಿದ್ದ. ಬಚ್ಚ ಈ ಸಲ ನೋಡಲು ಬಂದಿರಲಿಲ್ಲ. ಮೊಣಕಾಲು ಹೋಗಿದೆ, ಎದ್ದು ಓಡಾಡುವುದಿಲ್ಲ ಎಂದು ವಿಲ್ಸನ್ ಹೇಳಿದ್ದ.

ಮಧ್ಯಾಹ್ನ ಉದ್ದ ಮೇಜಿನ ಮೇಲೆ ಐದು ಎಲೆ ಹಾಸಿದ್ದರು. ಮೀನಿಲ್ಲದ ಊಟ, ಅಲಸಂಡೆ, ಕೆಸುವಿನ ದಂಟು, ಹೀರೆ, ಹಾಗಲ, ಕಡಲೆ. ಮೇಜಿನ ತಲೆಯ ಕಡೆಯ ಕುರ್ಚಿ ಅವರದು. ಶರ್ಮಿಳಾ ಮೊದಲು ಅವರ ಎಲೆಗೇ ಬಡಿಸಿದಳು, ಹೊಸ ಅಕ್ಕಿಯನ್ನು ಎಲೆಯ ತುದಿಯಲ್ಲಿ ಪುಟ್ಟ ದೊನ್ನೆಯಲ್ಲಿಟ್ಟಳು. ಅವರು ಕೂರಬೇಕು ಅನ್ನುವಾಗ ಫೋನು ಬಂತು. ರೋಮಿನಿಂದ. ತೀರ್ಮಾನ ಆಯಿತೇ, ಇವತ್ತು ತಿಳಿಸಿದರೆ ಒಳ್ಳೆಯದಿತ್ತು ಎಂದು ತರುಣ ಕಾರ್ಯದರ್ಶಿ ಬಹಳ ಸೌಜನ್ಯದಿಂದ ಕೇಳಿದ. ಅವರು ಜಗಲಿಗೆ ಹೋಗಿ, ಊಟ ಮುಗಿಸಿ ಹೇಳುತ್ತೇನೆ ಎಂದರು. ಉತ್ತರ ನಾಲಗೆಯ ಮೇಲೇ ಇತ್ತು. ಉಂಡು ಹೇಳುವುದು ಸರಿ ಎನಿಸಿತು, ಅಷ್ಟೇ.

ಒಳಗೆ ಬಂದಾಗ ಎಲ್ಲರೂ ಪ್ರಾರ್ಥನೆಗೆ ಎದ್ದು ನಿಂತಿದ್ದರು. ಅವರ ಕುರ್ಚಿ ಇತ್ತು. ಕುರ್ಚಿಯ ಮುಂದೆ ಬರಿ ಮೇಜಿತ್ತು. ಎಲೆ ಇದ್ದ ಕಡೆ ನೀರಿನ ಒಂದು ಗೆರೆ.

ಪಾವ್ಲಿನ್ ಅದನ್ನು ಕಂಡಳು. ವಿಲ್ಸನ್ ಕಂಡ. ಶರ್ಮಿಳಾ ಮಾತ್ರ ಕೋಣೆಯಲ್ಲಿರಲಿಲ್ಲ. ಹಿತ್ತಲ ಬಾಗಿಲಿನಿಂದ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು, ಅವರು ನಿಂತದ್ದನ್ನು ನೋಡಿದಳು, ಮೇಜು ನೋಡಿದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು. ಬೈಂದೂರಿನಿಂದ ಮದುವೆಯಾಗಿ ಬಂದಂದಿನಿಂದ ಪ್ರತಿ ಹಬ್ಬಕ್ಕೂ ಅವಳು ಆ ಎಲೆಗೆ ಬಡಿಸಿದ್ದಳು. ಖಾಲಿ ಕುರ್ಚಿಯ ಮುಂದಿನ ಆ ಎಲೆಯನ್ನು ತಟ್ಟೆಗೆ ಸರಿಸಿ, ಮೇಲೊಂದು ಎಲೆ ಮುಚ್ಚಿ, ಬಿಸಿಯಾಗಿರುವಾಗಲೇ ಬೇಲಿಯಾಚೆಗೆ ಕೊಟ್ಟು ಬಂದಿದ್ದಳು. ಇವತ್ತೂ ಎಲೆ ತುಂಬಿತ್ತು, ಕುರ್ಚಿ ಖಾಲಿಯಿತ್ತು. ಕೈ ತನ್ನ ಕೆಲಸ ಮಾಡಿತ್ತು.

ಅವಳು ಅಳುವ ಹಾಗಾದಳು. ವಿಲ್ಸನ್ ಇನ್ನೊಂದು ಎಲೆ ತರಲು ಹೊರಟ. ಅನ್ನ, ಪಲ್ಯ ಬೇಕಾದಷ್ಟಿತ್ತು. ಹೊಸ ಅಕ್ಕಿ ಇರಲಿಲ್ಲ, ಪಾಲಾಗಿ ಹೋಗಿತ್ತು. ಪಾವ್ಲಿನ್ ತನ್ನ ದೊನ್ನೆಯನ್ನು ಅವರ ಕಡೆ ಸರಿಸಿದಾಗ ಅವರು ಬೇಡವೆಂದು ಕೈ ತೋರಿಸಿದರು. ಎಲೆ ಯಾರ ಮನೆಗೆ ಹೋಯಿತು ಎಂದು ಕೇಳಿದರು. ಬಚ್ಚನ ಮನೆಗೆ ಎಂದು ಪಾವ್ಲಿನ್ ಕೆಳಗೆ ನೋಡುತ್ತಲೇ ಹೇಳಿದಳು. ಅತ್ತೆ ಇದ್ದಾಗಿನಿಂದ ಹಾಗೇ. ನೀವು ಊಟಕ್ಕೆ ಕೂತುಕೊಳ್ಳಿ, ನಾನು ನನ್ನ ಎಲೆ ಇದ್ದಲ್ಲಿ ಉಂಡು ಬರುತ್ತೇನೆ ಎಂದು ಅವರು ಹೇಳಿದರು. ಅವರು ನಗುತ್ತಿದ್ದರು. ಆದರೆ ಹಿತ್ತಲಿಗೆ ಇಳಿದ ಮೇಲೆ ಬಾವಿಕಟ್ಟೆಯ ಹತ್ತಿರ ತಿರುಗಿ ಮನೆಯನ್ನು ನೋಡಿದರು. ಈ ಮನೆಯಲ್ಲಿ ತನ್ನ ಜಾಗ ಇದೆಯೇ ಎಂದು ನೋಡಲು ಬಂದಿದ್ದರು. ಇತ್ತು. ಅದು ಇಲ್ಲದವನ ಜಾಗವಾಗಿತ್ತು.

ಬೇಲಿಯ ಕಿಂಡಿ ಅವರು ಹುಡುಗನಾಗಿದ್ದಾಗ ಇದ್ದಲ್ಲೇ ಇತ್ತು. ನಿಲುವಂಗಿಯ ಹಗ್ಗ ದಾಸವಾಳದ ಕೊಂಬೆಗೆ ಸಿಕ್ಕಿತು, ಬಿಡಿಸಿಕೊಂಡರು. ಬಚ್ಚನ ಜಗಲಿಯಲ್ಲಿ ಅರ್ಧ ಹೆಣೆದ ಬೀಸುಬಲೆ ಮೊಳೆಗೆ ತೂಗುತ್ತಿತ್ತು. ಬಚ್ಚ ಕಾಲು ಚಾಚಿ ಕುಳಿತಿದ್ದ. ಎಲೆ ಅವನ ಮುಂದಿತ್ತು. ಅವನ ಹೆಂಡತಿ ಕುಸುಮಾವತಿ ನೀರಿನ ಚೊಂಬು ಇಡುತ್ತಿದ್ದವಳು ಇವರನ್ನು ಕಂಡು ಗಾಬರಿಯಾಗಿ, ಕುರ್ಚಿ ತರಲು ಒಳಗೆ ಓಡಿದಳು.

"ಹ್ವಾಯ್, ಕಾಸ್ಮಿ ಅಲ್ದಾ? ಬಾ, ಕೂಕೊ" ಎಂದ ಬಚ್ಚ. "ಏಳುಕ್ ಆತಿಲ್ಲೆ ಮಾರಾಯ. ಈ ಕಾಲ್ ಎರಡೂ ಬಿಷಪ್ಪಂಗೂ ಮರ್ಯಾದಿ ಕೊಡ್ತಿಲ್ಲೆ."

ಅವರು ಕುರ್ಚಿ ಬೇಡವೆಂದು ನೆಲಕ್ಕೇ ಕುಳಿತರು. ಏನು ಹೇಳುವುದೆಂದು ಹುಡುಕುವ ಮೊದಲೇ, ಎಷ್ಟೋ ಕಾಲದಿಂದ ಬಾಯಿಗೆ ಬಾರದಿದ್ದ ಕುಂದಾಪುರದ ಕನ್ನಡ ತಾನೇ ಬಂತು. "ನನ್ ಎಲಿ ಇಲ್ಲಿಗ್ ಬಂತಂಬ್ರ್."

ಬಚ್ಚ ಎಲೆಯನ್ನು ನೋಡಿದ, ಅವರನ್ನು ನೋಡಿದ. ನಡೆದದ್ದೇನೆಂದು ಅವನಿಗೆ ತಿಳಿಯಿತು. ಹೊಟ್ಟೆ ಕುಲುಕಿಸಿ ನಗತೊಡಗಿದ.

"ನಿನ್ ಎಲಿಯಾ? ಇದ್ ನಂದ್. ಇದ್ ಎಂತಕ್ ಬಪ್ಪುದ್ ಗೊತ್ತಾ? ನೀನಿಲ್ಲೆ ಅಂದೇಳಿ ಬಪ್ಪುದ್. ನೀನೇ ಬಂದ್ ಕೂಕಂಡ್ರೆ ಇದ್ ಯಾರ್ ಎಲಿ?"

ಕುಸುಮಾವತಿ ಬಾಗಿಲಲ್ಲಿ ನಿಂತು, ಸುಮ್ಮನಿರಿ, ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂದು ಗಂಡನನ್ನು ಗದರಿದಳು. ಬಚ್ಚ ಕೇಳಲಿಲ್ಲ. ವರ್ಷಕ್ಕೊಂದು ದಿನ ತಾನು ಮೀನಿಲ್ಲದೆ ಉಣ್ಣುವುದು ಕಾಸ್ಮಿಯ ಹೆಸರಿನ ಮೇಲೆ, ಇಷ್ಟು ವರ್ಷದ ಆ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದ. ಎಲೆಯನ್ನು ಇಬ್ಬರ ನಡುವೆ ಎಳೆದ. ಹೊಸ ಅಕ್ಕಿಯ ದೊನ್ನೆಯನ್ನು ಅವರ ಕಡೆ ಚಾಚಿ, "ಅರ್ಧ ತಕೊ. ಪೂರ್ತಿ ಕೊಡ್ತಿಲ್ಲೆ" ಎಂದ.

ಅವರು ಬೆರಳಲ್ಲಿ ತೆಗೆದುಕೊಂಡು ಬಾಯಿಗಿಟ್ಟರು. ಹಸಿ ಅಕ್ಕಿಯ ವಾಸನೆ, ತೆಂಗಿನ ಹಾಲು.

ಉಣ್ಣುತ್ತ ಬಚ್ಚ ಅದೂ ಇದೂ ಕೇಳಿದ. ನೀನು ಯಾವ ಊರಿಗೆ ಬಿಷಪ್ ಎಂದ. ಅವರು ಮರಳಿನ ಊರಿನ ಕತೆ ಹೇಳಿದರು. ಬಚ್ಚ ಗಂಭೀರವಾಗಿ ಕೇಳಿಸಿಕೊಂಡು, "ಜನ ಇಲ್ದಿದ್ ಊರಿಗ್ ಬಿಷಪ್ಪಾ? ಒಳ್ಳೆ ಕೆಲ್ಸ. ತಕರಾರೇ ಇಲ್ಲೆ" ಎಂದ. ಅವರಿಗೆ ನಗು ಬಂತು. ಆ ಊರಿನ ಬಗ್ಗೆ ಅವರು ನಕ್ಕದ್ದು ಅದೇ ಮೊದಲು.

ಆಮೇಲೆ ಮಾತು ನಿಂತಿತು. ಹೊಳೆಯಲ್ಲಿ ಯಾವುದೋ ದೋಣಿಯ ಎಂಜಿನ್ ದಾಟಿ ಹೋಯಿತು. ಬಚ್ಚ ಅನ್ನವನ್ನು ಕಲಸುತ್ತಲೇ ಇದ್ದ, ಉಣ್ಣಲಿಲ್ಲ. ಈ ಬಗೆಯ ಮೌನ ಅವರಿಗೆ ಗೊತ್ತಿತ್ತು. ಹೇಳಬೇಕಾದದ್ದೊಂದು ಬಾಗಿಲ ತನಕ ಬಂದು ನಿಂತಿರುವಾಗಿನದು. ತಳ್ಳಬಾರದು, ಕಾಯಬೇಕು. ಬದುಕಿಡೀ ಬೇರೆಯವರಿಗಾಗಿ ಕಾದಿದ್ದರು. ಇವತ್ತು ಕಾದದ್ದು ತನಗಾಗಿ.

"ಮೊದ್ಲೆಲ್ಲ ಬಾಯಮ್ಮ ಅವ್ರೇ ತಕಂಡ್ ಬಪ್ಪುದ್" ಎಂದ ಬಚ್ಚ. ಬಾಯಮ್ಮ ಎಂದರೆ ಅವರ ಅಮ್ಮ. "ನಾನ್ ಉಂಡ್ ಮುಗ್ಸು ತನ್ಕ ಎದುರಿಗೇ ಕೂಕಂಬ್ರ್. ಉಪ್ಪ್ ಸಮ ಇತ್ತಾ ಕೇಂತ್ರ್. ಕಡಿಕ್ ಕಡಿಕ್ ಅವ್ರಿಗ್ ಗುರ್ತ ಸಿಕ್ತಿರ್ಲಿಲ್ಲೆ. ನನ್ ಕಂಡ್ ಕಾಸ್ಮಿ ಅಂದ್ ಕರೂಕ್ ಸುರು ಮಾಡ್ರ್."

ಅವರು ಎಲೆಯನ್ನೇ ನೋಡುತ್ತಿದ್ದರು.

"ಮೊದ್ಲ್ ನಾನ್, ಅಲ್ಲ ಬಾಯಮ್ಮ, ನಾನ್ ಬಚ್ಚ ಅಂದೆ. ಹಾಂಗಂದ್ರೆ ಮುಖ ಸಣ್ಣ ಮಾಡ್ಕಂಡ್ ಹೋತಿದ್ರ್. ಮತ್ತೆ ನಾನ್ ಹೂಂ ಅಂದೆ. ಕರ್ದಾಗೆಲ್ಲ ಹೂಂ ಅಂದೆ."

"ಕಡಿ ದಿನ?"

"ಕಡಿ ದಿನವೂ ಕರ್ದ್ರ್. ಬೆಳಗ್ಗಿಂದ ಕರೀತಿದ್ರಂಬ್ರ್. ನಿನ್ ಅಣ್ಣ ಬಂದ್ ನನ್ ಕರ್ಕಂಡ್ ಹೋದ. ಕಾಸ್ಮಿ, ಬಂದ್ಯಾ ಅಂದ್ರ್. ಹೂಂ, ಬಂದೆ ಅಂದೆ. ಕೈ ಹಿಡ್ಕಂಡ್ರ್. ಮತ್ತೆ ಬಿಡ್ಲಿಲ್ಲೆ." ಬಚ್ಚ ಕಲಸಿದ ಅನ್ನವನ್ನು ಎಲೆಯ ಅಂಚಿಗೆ ಸರಿಸಿದ. "ನಿನ್ನತ್ರ ಹೇಳೂಕ್ ನಿಮ್ ಮನೆಯರಿಗ್ ಹೆದ್ರಿಕಿ. ನಂಗೂ ಹೆದ್ರಿಕಿಯೇ. ತಪ್ಪಾಯ್ತಾ ಕಾಸ್ಮಿ?"

ಇನ್ನೊಬ್ಬರ ಬದಲಿಗೆ ಕುಳಿತು, ಇನ್ನೊಬ್ಬರ ಹೆಸರಿನಲ್ಲಿ ಹೂಂ ಎನ್ನುವ ಕೆಲಸ ತನ್ನದೆಂದು ಅವರು ತಿಳಿದಿದ್ದರು. ಅದಕ್ಕಾಗಿ ದೇಶದಿಂದ ದೇಶಕ್ಕೆ ಹೋಗಿದ್ದರು. ಆ ಹೊತ್ತಿಗೆಲ್ಲ ಈ ಜಗಲಿಯಲ್ಲೊಬ್ಬ ಅವರಿಗಾಗಿ ಅದನ್ನು ಮಾಡುತ್ತಿದ್ದ, ಅವರು ಕಳಿಸದೆಯೇ. ಅವಳು ಕೇಳಿದ್ದಳು. ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಅವಳು ಹಿಡಿದ ಕೈ ಇದು, ಈಗ ಇದೇ ಎಲೆಯ ಮೇಲಿದೆ, ಬಲೆಯ ಹಗ್ಗ ಕೊರೆದ ಗೆರೆಗಳ ಕೈ. ಅವರು ಅದನ್ನು ಮುಟ್ಟಿದರು. ಅನ್ನ ಮೆತ್ತಿಕೊಂಡಿತ್ತು.

"ಇಲ್ಲೆ" ಎಂದರು.

ಅಷ್ಟರಲ್ಲಿ ಬೇಲಿಯಾಚೆಯಿಂದ ಪಾವ್ಲಿನ್ ಕರೆದಳು. ಹಿರಿಯ ಅತ್ತಿಗೆಯಾದ್ದರಿಂದ ಅವಳು ಹೆಸರು ಹಿಡಿದೇ ಕರೆಯುವುದು. ವಯಸ್ಸಾದ ಮೇಲೆ ಅವಳ ದನಿ ಅಮ್ಮನ ದನಿಯಂತೆಯೇ ಆಗಿಬಿಟ್ಟಿತ್ತು, ಕೊನೆಯ ಅಕ್ಷರವನ್ನು ಹೊಳೆಯ ತನಕ ಎಳೆಯುವ ದನಿ.

"ಕಾಸ್ಮೀ..."

ಇಬ್ಬರೂ ಒಟ್ಟಿಗೆ ಹೂಂ ಎಂದರು.

ಬಚ್ಚ ನಾಚಿಕೊಂಡು ತಲೆ ತಗ್ಗಿಸಿದ. ಕುಸುಮಾವತಿ ಸೆರಗಿನಿಂದ ಕಣ್ಣು ಒತ್ತಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಾದ ಮೇಲೆ ಬಚ್ಚ, ಇನ್ನು ಊರಲ್ಲೇ ಇರುತ್ತೀಯಂತೆ ಹೌದೇ ಎಂದು ಕೇಳಿದ. ರೂಮು ಕಟ್ಟಿಸಿದ್ದು ಅವನಿಗೆ ಗೊತ್ತಿತ್ತು, ಸಿಮೆಂಟು ಇಳಿಸುವಾಗ ನೋಡಿದ್ದ. "ಹಾಂಗಾರ್ ಬಪ್ಪು ವರ್ಷ ನಂಗ್ ಎಲಿ ಇಲ್ಲೆ" ಎಂದು ನಗೆಯಾಡಿದ. ನಗುವಾಗಲೂ ಅವನ ಕಣ್ಣು ಎಲೆಯನ್ನು ಬಿಟ್ಟಿರಲಿಲ್ಲ. ಅವರು ಅದನ್ನು ಕಂಡರು.

ಮನೆಗೆ ಬಂದು ಅವರು ಜಗಲಿಯಿಂದಲೇ ರೋಮಿಗೆ ಫೋನು ಮಾಡಿದರು. ಬ್ರಹ್ಮಾವರದ ಆಶ್ರಮ ಎಂದರು. ಒಬ್ಬ ಸಾಮಾನ್ಯ ಸನ್ಯಾಸಿಗೆ ಕೊಡುವ ಕೋಣೆ ಸಾಕು, ಕಂದು ನಿಲುವಂಗಿ ಇದೆ ಎಂದರು. ವಿಲ್ಸನ್‌ಗೆ ಹೇಳುವುದು ಕಷ್ಟವಾಯಿತು. ಅವನು ಏನೂ ವಾದಿಸದೆ ಹೊಸ ಕೋಣೆಯ ಬಾಗಿಲಿನ ಚಿಲಕವನ್ನು ಸುಮ್ಮನೆ ತೆಗೆದು ಹಾಕಿ ಮಾಡುತ್ತಿದ್ದ. ಆ ಕಿಟಕಿ, ಆ ಹೊಳೆ. ಎಷ್ಟು ರಾತ್ರಿಗಳಲ್ಲಿ ಬೇಡಿಕೊಂಡದ್ದು. ಅಲ್ಲಿ ಮಲಗಿ ಮುದುಕನಾಗುವ ಆಸೆ ಅವರಲ್ಲಿ ಈಗಲೂ ಇತ್ತು, ಕಡಿಮೆಯಾಗಿರಲಿಲ್ಲ. ಆದರೆ ಇಲ್ಲಿ ಬಂದು ಕೂತರೆ ಎಲೆ ನಿಲ್ಲುತ್ತದೆ. ತನ್ನ ಹೆಸರಿನಲ್ಲಿ ಹೂಂ ಎಂದವನ ಎಲೆ.

ಶರ್ಮಿಳಾ ದಿನವಿಡೀ ಅವರ ಎದುರಿಗೆ ಬಂದಿರಲಿಲ್ಲ. ಸಂಜೆ ಚಹಾ ತಂದಿಟ್ಟು ಓಡಲು ನೋಡಿದಾಗ ಅವರೇ ನಿಲ್ಲಿಸಿದರು. ಬರುವ ವರ್ಷವೂ ಐದು ಎಲೆ ಹಾಸು, ನನ್ನದನ್ನು ಮೊದಲು ಬಡಿಸಿ ಅಲ್ಲಿಗೇ ಕಳಿಸು, ಅನ್ನ ಮಾತ್ರ ಸ್ವಲ್ಪ ಹೆಚ್ಚು ಹಾಕು ಎಂದರು. ಹೊಸ ಅಕ್ಕಿ ಎಂದು ಅವಳು ಕೇಳಿದಳು. ಅದು ಎಷ್ಟಿದೆಯೋ ಅಷ್ಟೇ, ಅದನ್ನು ಹೆಚ್ಚು ಮಾಡಬಾರದು ಎಂದರು.

ಮರುದಿನ ವಿಲ್ಸನ್ ಕಾರು ತೆಗೆದ. ಬ್ರಹ್ಮಾವರ ಏನೂ ದೂರವಲ್ಲ. ಕುಂದಾಪುರ ದಾಟಿ, ಕೋಟ ದಾಟಿದರೆ ಬಂತು. ಆದರೂ ಪಾವ್ಲಿನ್ ಪರದೇಶಕ್ಕೆ ಕಳಿಸುವವಳ ಹಾಗೆ ಗೇಟಿನ ತನಕ ಬಂದಳು. ಕಾರು ಬೇಲಿಯ ಪಕ್ಕದಲ್ಲಿ ನಿಧಾನವಾದಾಗ ಬಚ್ಚನ ಜಗಲಿ ಕಾಣುತ್ತಿತ್ತು. ಅವನು ಬಲೆ ಹೆಣೆಯುತ್ತಿದ್ದವನು ತಲೆಯೆತ್ತಿ ಕೂಗಿದ.

"ಹ್ವಾಯ್, ಕಾಸ್ಮೀ..."

ಅವರು ನಿಲ್ಲಿಸಲು ಹೇಳಿ ಗಾಜು ಇಳಿಸಿದರು. ತಕ್ಷಣ ಓಗೊಡಲಿಲ್ಲ. ಇನ್ನೊಮ್ಮೆ ಕರೆಯಲಿ ಎಂದು ಕಾದರು.